ಮೊಸಳೆ ಹಾರಲಿ, ನೆರಳು ಮಾತ್ರ ನಿಜವಿರಲಿ

ಪ್ರಶ್ನೆ: ನಾನು ಬದಿಯಡ್ಕ ಹತ್ತಿರದವನು. ಪ್ಲಸ್ ಟು ಮುಗಿಸಿ ಕಾಸರಗೋಡಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಚಿತ್ರಕಲೆಯನ್ನು ಯಾರ ಹತ್ತಿರವೂ ಕಲಿತಿಲ್ಲ. ಯೂಟ್ಯೂಬ್ ನೋಡಿ ಮೊದಲು ಪೆನ್ಸಿಲಿನಲ್ಲಿ ಮುಖ ಬರೆಯುತ್ತಿದ್ದೆ, ಈಗ ಎಣ್ಣೆ ಬಣ್ಣ. ಮುಖ ಬರೆದರೆ ‘ಫೋಟೋ ಹಾಗೇ ಉಂಟು’ ಅಂತ ಎಲ್ಲರೂ ಹೊಗಳುತ್ತಾರೆ. ಆದರೆ ನನಗೆ ಇಷ್ಟ ಸರ್ರಿಯಲಿಸಂ, ಕನಸಿನ ಹಾಗಿರುವ ಚಿತ್ರ. ಅದನ್ನು ಮಾಡಿದರೆ ‘ಇದು ಫೋಟೋಶಾಪ್ ಅಲ್ವಾ’ ಅನ್ನುತ್ತಾರೆ. ಮೂರು ಚಿತ್ರ ಕಳಿಸಿದ್ದೇನೆ. ಎಲ್ಲಿ ತಪ್ಪುತ್ತಿದೆ? ಕಾಲೇಜಿಗೆ ಹೋಗದೆ ಇದನ್ನು ಕಲಿಯಲು ಆಗುತ್ತದಾ? ಎಐ ಒಂದು ನಿಮಿಷದಲ್ಲಿ ಮಾಡುವುದನ್ನು ತಿಂಗಳುಗಟ್ಟಲೆ ಕೂತು ಮಾಡುವುದರಲ್ಲಿ ಅರ್ಥ ಇದೆಯಾ? ಇನ್ನೊಂದು, ಮಳೆಗಾಲದಲ್ಲಿ ಬಣ್ಣ ಒಣಗುವುದೇ ಇಲ್ಲ, ಕ್ಯಾನ್ವಾಸಿಗೆ ಬೂಸ್ಟು ಬರುತ್ತದೆ. ಏನು ಮಾಡಲಿ?

ಉತ್ತರ: ಕಾಲೇಜಿನ ಮಾತು ಮೊದಲು ಮುಗಿಸಿಬಿಡೋಣ. ಆಗುತ್ತದೆ, ಖಂಡಿತ ಆಗುತ್ತದೆ. ಸರ್ರಿಯಲಿಸಂನ ದೊಡ್ಡ ಹೆಸರುಗಳಲ್ಲೇ ಚಿತ್ರಕಲಾ ಶಾಲೆಯ ಮೆಟ್ಟಿಲು ಹತ್ತದವರಿದ್ದಾರೆ. ಫ್ರಾನ್ಸಿನ ಈವ್ ತಾಂಗಿ ಹಡಗಿನಲ್ಲಿ ಕೆಲಸಕ್ಕಿದ್ದವರು. ಪ್ಯಾರಿಸಿನಲ್ಲಿ ಬಸ್ಸಿನಲ್ಲಿ ಹೋಗುವಾಗ ಗಾಜಿನ ಹಿಂದೆ ಇಟ್ಟಿದ್ದ, ಇಟಲಿಯ ಚಿತ್ರಕಾರ ದ ಕಿರಿಕೋ ಅವರ ಒಂದು ಚಿತ್ರ ಕಂಡು, ಅಲ್ಲಿಂದ ಕುಂಚ ಹಿಡಿದರು ಎಂಬ ಕತೆ ಪ್ರಸಿದ್ಧ. ಅದೇ ಗುಂಪಿನ ಜರ್ಮನಿಯ ಮ್ಯಾಕ್ಸ್ ಅರ್ನ್ಸ್ಟ್ ಓದಿದ್ದು ತತ್ವಶಾಸ್ತ್ರ. ನಮ್ಮ ರಾಜಾ ರವಿವರ್ಮರನ್ನೇ ನೋಡಿ. ಎಣ್ಣೆ ಬಣ್ಣವನ್ನು ಅವರಿಗೆ ಕೂರಿಸಿ ಹೇಳಿಕೊಟ್ಟವರಿಲ್ಲ. ತಿರುವಾಂಕೂರಿನ ಅರಮನೆಗೆ ಬಂದಿದ್ದ ಚಿತ್ರಕಾರ ಥಿಯೊಡೋರ್ ಜೆನ್ಸನ್ ಕೆಲಸ ಮಾಡುವುದನ್ನು ನೋಡುತ್ತಾ ನೋಡುತ್ತಾ ಹಿಡಿದುಕೊಂಡರು.

ಕಾಲೇಜಿನಲ್ಲಿ ಸಿಗುವುದರಲ್ಲಿ ನಿಮಗೆ ಇಲ್ಲದ್ದು ಮುಖ್ಯವಾಗಿ ಒಂದೇ. ಬೆನ್ನ ಹಿಂದೆ ನಿಂತು ‘ಆ ಕೈ ಗಿಡ್ಡ ಆಯಿತು ನೋಡು’ ಎನ್ನುವವರು. ಹೊಗಳುವವರು ಬೇಕಾದಷ್ಟು ಜನ ಇದ್ದಾರೆ, ಅದು ನಿಮ್ಮ ಪತ್ರದಲ್ಲೇ ಗೊತ್ತಾಗುತ್ತದೆ. ತಪ್ಪು ಹೇಳುವ ಇಬ್ಬರು ಗೆಳೆಯರನ್ನು ಹುಡುಕಿಕೊಳ್ಳಿ. ಚಿತ್ರ ಬರೆಯುವವರೇ ಆಗಬೇಕಿಲ್ಲ. ಒಳ್ಳೆಯ ಬಡಗಿ, ಒಳ್ಳೆಯ ದರ್ಜಿ ಚಿತ್ರದಲ್ಲಿ ಓರೆ ಇದ್ದರೆ ತಟ್ಟನೆ ಹೇಳುತ್ತಾರೆ. ಅವರ ಕಣ್ಣು ಅಳತೆಯಲ್ಲೇ ಪಳಗಿದ್ದು.

ಈಗ ‘ಫೋಟೋಶಾಪ್ ಅಲ್ವಾ’ ಎಂಬ ಮಾತಿಗೆ ಬರೋಣ. ಅದು ಬೈಗುಳ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಅದು ಸರಿಯಾದ ವಿಮರ್ಶೆ ಅನ್ನಿಸುತ್ತದೆ. ನೋಡಿದವರಿಗೆ ತುಂಡುಗಳು ಕಂಡಿವೆ, ಅಷ್ಟೇ. ಯಾಕೆ ಕಂಡವು ಅನ್ನುವುದನ್ನು ನಿಮ್ಮ ಚಿತ್ರಗಳಲ್ಲೇ ಬೆರಳಿಟ್ಟು ತೋರಿಸುತ್ತೇನೆ.

ಅದಕ್ಕೆ ಮೊದಲು ಒಂದು ವಿಷಯ. ನೀವು ಎರಡು ಬೇರೆ ಬೇರೆ ಕಸುಬನ್ನು ಒಟ್ಟಿಗೆ ಹಿಡಿದಿದ್ದೀರಿ. ಫೋಟೋರಿಯಲಿಸಂ, ಅಂದರೆ ಫೋಟೋ ನೋಡಿ ಅದರ ಹಾಗೇ ಬರೆಯುವುದು, 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಎದ್ದು ಬಂದದ್ದು. ಅಲ್ಲಿನ ಚಿತ್ರಕಾರ ಚಕ್ ಕ್ಲೋಸ್ 1967-68ರಲ್ಲಿ ಮಾಡಿದ ತಮ್ಮದೇ ಮುಖದ ಚಿತ್ರ ಸುಮಾರು 9 ಅಡಿ ಎತ್ತರ ಇದೆ. ಫೋಟೋದ ಮೇಲೆ ಚೌಕುಳಿ ಗೆರೆ ಎಳೆದು, ಒಂದೊಂದೇ ಚೌಕವನ್ನು ಕ್ಯಾನ್ವಾಸಿಗೆ ದೊಡ್ಡದು ಮಾಡಿ ಇಳಿಸಿದ್ದು. ನೀವು ಗೋಡೆ ಬರಹದವರಲ್ಲಿ ನೋಡಿರಬಹುದಾದ ಅದೇ ಉಪಾಯ. ಅವರು ಬರೆದದ್ದು ಮುಖವನ್ನು ಅನ್ನುವುದಕ್ಕಿಂತ ಮುಖದ ಫೋಟೋವನ್ನು. ಕ್ಯಾಮರಾದ ಫೋಕಸ್ ತಪ್ಪಿ ಮಸುಕಾದ ಜಾಗವನ್ನೂ ಮಸುಕಾಗಿಯೇ ಬರೆದರು. ಫೋಟೋ ಅಂತ ಗೊತ್ತಾದರೆ ಅವರಿಗೆ ನಷ್ಟವಿಲ್ಲ.

ಸರ್ರಿಯಲಿಸಂನವರದ್ದು ಬೇರೆ ಲೆಕ್ಕ. 1924ರಲ್ಲಿ ಕವಿ ಆಂದ್ರೆ ಬ್ರೆತೊನ್ ಪ್ಯಾರಿಸಿನಲ್ಲಿ ಪ್ರಣಾಳಿಕೆ ಹೊರಡಿಸಿದ ಮೇಲೆ ಅದರಲ್ಲಿ ಹಲವು ದಾರಿಗಳಾದವು. ನಿಮಗೆ ಇಷ್ಟವಾದದ್ದು ಸ್ಪೇನಿನ ಡಾಲಿ, ಬೆಲ್ಜಿಯಮ್ಮಿನ ಮ್ಯಾಗ್ರಿಟ್ ಹಿಡಿದ ದಾರಿ. ಆಗಲಾರದ್ದನ್ನು ಆಗಿಯೇ ಹೋಗಿದೆ ಎನ್ನುವ ಹಾಗೆ ಬರೆಯುವುದು. ಅಲ್ಲಿ ನೋಡುವವರು ಒಂದು ಗಳಿಗೆಯಾದರೂ ನಂಬಬೇಕು. ‘ಎಲಾ, ಇದು ಹೇಗೆ’ ಅನ್ನಿಸಬೇಕು. ಫೋಟೋ ಹಾಗೇ ಉಂಟು ಅನ್ನಿಸಿದರೆ ಆ ಕೆಲಸ ಅರ್ಧಕ್ಕೆ ನಿಂತ ಹಾಗೆ. ನಿಮ್ಮ ಕೈಗೆ ಮೊದಲನೆಯದು ಬಂದಿದೆ. ಎರಡನೆಯದಕ್ಕೆ ಬೇಕಾದ್ದು ಬೇರೆಯೇ. ನಾನು ಹೇಳುವುದಿಷ್ಟು: ಚಿತ್ರದಲ್ಲಿ ಸುಳ್ಳು ಒಂದೇ ಇರಲಿ. ಆ ಒಂದು ಸುಳ್ಳಿಗೆ ಉಳಿದದ್ದೆಲ್ಲ ಸಾಕ್ಷಿ ಹೇಳಬೇಕು. ಸಾಕ್ಷಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಬೆಳಕು.

ಮೊದಲ ಚಿತ್ರ. ನಮ್ಮ ಜಿಲ್ಲೆಯ ಅನಂತಪುರದ ಕೆರೆ, ನಡುವೆ ದೇವಸ್ಥಾನ, ಮೇಲೆ ಆಕಾಶದಲ್ಲಿ ಮೊಸಳೆ. ಜೊತೆಗೆ ಎರಡು ಚಂದ್ರ, ಕರಗುವ ಗಡಿಯಾರ, ಮೋಡಕ್ಕೆ ಹತ್ತುವ ಮೆಟ್ಟಿಲು, ಉರಿಯುವ ಪುಸ್ತಕ, ಅಕ್ಷರಗಳಿಂದಾದ ಹಕ್ಕಿ. ಮದುವೆ ಊಟದ ಎಲೆಯ ಹಾಗೆ ಎಲ್ಲವನ್ನೂ ಒಟ್ಟಿಗೆ ಬಡಿಸಿದ್ದೀರಿ. ಗಡಿಯಾರ 1931ರಲ್ಲೇ ಡಾಲಿಯ ಕೈಯಲ್ಲಿ ಕರಗಿ ಆಗಿದೆ, ಅದನ್ನು ಅವರಿಗೇ ಬಿಡಿ. ಅಂದ ಹಾಗೆ ಆ ಚಿತ್ರ ಬರೀ 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ. ಎ4 ಹಾಳೆಗಿಂತ ಚೂರೇ ದೊಡ್ಡದು. ನೀವು ಬರೆದದ್ದು ನಾಲ್ಕು ಅಡಿ ಕ್ಯಾನ್ವಾಸ್. ಇನ್ನೂ ಒಂದು ಗಮನಿಸಿ. ಗಡಿಯಾರ ಕರಗುವ ಆ ಚಿತ್ರದ ಹಿಂದೆ ಕಾಣುವ ಬಂಡೆಗಳು ಸ್ಪೇನಿನ ಕೆಟಲೋನಿಯಾದ ಕಡಲತೀರದವು, ಡಾಲಿಗೆ ಬಾಲ್ಯದಿಂದ ಗೊತ್ತಿದ್ದವು. ಅವರ ಕನಸು ಅವರ ಊರಿನಲ್ಲೇ ನಡೆಯಿತು. ನಿಮ್ಮ ಚಂದ್ರ, ಮೆಟ್ಟಿಲು, ಪುಸ್ತಕ ಯಾವ ಊರಿನವು? ಇಂಟರ್ನೆಟ್ಟಿನಲ್ಲಿ ಎಲ್ಲರೂ ಬಳಸುವ ಸಾಮಾನು ಅದು.

ಅನಂತಪುರಕ್ಕೆ ಅಷ್ಟೆಲ್ಲ ಬೇಕಾಗಿಯೂ ಇಲ್ಲ. ಕೆರೆಯ ನಡುವೆ ಗುಡಿ, ಅಲ್ಲಿ ಬಬಿಯಾ ಅಂತ ಹೆಸರಿಟ್ಟ ಮೊಸಳೆ, ಅದಕ್ಕೆ ನೈವೇದ್ಯದ ಅನ್ನ. 2022ರ ಅಕ್ಟೋಬರಿನಲ್ಲಿ ಅದು ತೀರಿಹೋದಾಗ ಜನ ಬಂದು ಕೈಮುಗಿದು ಕಳಿಸಿಕೊಟ್ಟರು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಇಷ್ಟು ನಿಜವೇ ಕನಸಿನ ಹಾಗಿರುವಾಗ ನೀವು ಸೇರಿಸಬೇಕಾದ್ದು ಒಂದು ಚಿಟಿಕೆ ಮಾತ್ರ. ಮೊಸಳೆ ನೀರಿನ ಬದಲು ಗಾಳಿಯಲ್ಲಿ ಈಜುತ್ತಿದೆ. ಸಾಕು. ಉಳಿದದ್ದನ್ನು ಒರೆಸಿಬಿಡಿ.

ಆಮೇಲೆ ಉಳಿಯುವುದು ಬೆಳಕಿನ ಪ್ರಶ್ನೆ. ನಿಮ್ಮ ಕೆರೆಗೆ ಎಡಗಡೆಯಿಂದ ಬೆಳಗಿನ ಬಿಸಿಲು ಬಿದ್ದಿದೆ. ಮೊಸಳೆಗೆ ಎದುರಿನಿಂದ ಫ್ಲಾಶ್ ಬಿದ್ದಿದೆ. ಬೆನ್ನಿನ ಒಂದೊಂದು ಮುಳ್ಳಿನ ಹಿಂದೆಯೂ ಫ್ಲಾಶಿನ ಸಣ್ಣ ಕಪ್ಪು ನೆರಳನ್ನು ನೀವು ಅಷ್ಟು ಶ್ರದ್ಧೆಯಿಂದ ಬರೆದಿದ್ದೀರಿ. ಕೈಚಳಕ ನೋಡಿ ಖುಷಿಯಾಯಿತು. ಆದರೆ ಅದೇ ನಿಮ್ಮನ್ನು ಹಿಡಿದುಕೊಟ್ಟಿತು. ಕಣ್ಣಿಗೆ ಬೆಳಕಿನ ವಿದ್ಯೆ ಗೊತ್ತಿಲ್ಲದಿದ್ದರೂ ಎರಡು ಸೂರ್ಯ ಇರುವುದು ಗೊತ್ತಾಗಿಬಿಡುತ್ತದೆ.

ಇನ್ನು ನೀರು. ಅಷ್ಟು ದೊಡ್ಡ ಪ್ರಾಣಿ ಮೇಲೆ ಇದ್ದರೂ ನೀರಿಗೆ ಅದರ ಸುಳಿವೇ ಇಲ್ಲ. ತಿಳಿನೀರು ನೆರಳನ್ನು ಅಷ್ಟಾಗಿ ಹಿಡಿಯುವುದಿಲ್ಲ, ಪ್ರತಿಬಿಂಬ ಹಿಡಿಯುತ್ತದೆ. ಮಳೆಗಾಲದ ಕೆಂಪು ಕೆಸರುನೀರು ನೆರಳನ್ನೂ ಹಿಡಿಯುತ್ತದೆ. ನೀವು ಬರೆದ ಹಸಿರು ನೀರು ಇವೆರಡರ ನಡುವಿನದು, ಎರಡೂ ಸ್ವಲ್ಪ ಸ್ವಲ್ಪ ಬೇಕು. ಪ್ರತಿಬಿಂಬವನ್ನು ಮಾತ್ರ ಮೊಸಳೆಯ ಚಿತ್ರವನ್ನೇ ತಲೆಕೆಳಗು ಮಾಡಿ ಅಂಟಿಸಿದ ಹಾಗೆ ಬರೆಯಬೇಡಿ. ಡಿಸೈನ್ ಮಾಡುವವರೆಲ್ಲ ಮಾಡುವುದು ಅದನ್ನೇ, ಫ್ಲಿಪ್ ವರ್ಟಿಕಲ್. ನೀರು ಆ ಪ್ರಾಣಿಯನ್ನು ನಿಮಗಿಂತ ಕೆಳಗಿನಿಂದ ನೋಡುತ್ತದೆ. ಹಾಗಾಗಿ ಪ್ರತಿಬಿಂಬದಲ್ಲಿ ಹೊಟ್ಟೆ ಜಾಸ್ತಿ ಕಾಣಬೇಕು, ಬೆನ್ನು ಕಡಿಮೆ.

ನೆರಳಿಗೂ ಲೆಕ್ಕ ಉಂಟು, ಬಹಳ ಚಂದದ ಲೆಕ್ಕ. ಸೂರ್ಯ ಒಂದು ಚುಕ್ಕಿಯಲ್ಲ. ನಮ್ಮ ಕಣ್ಣಿಗೆ ಅದರ ಅಗಲ ಸುಮಾರು ಅರ್ಧ ಡಿಗ್ರಿ. ಅದರಿಂದಾಗಿ ನೆರಳಿನ ಅಂಚು ಮಸುಕಾಗುತ್ತದೆ. ವಸ್ತುವಿಗೂ ನೆರಳು ಬಿದ್ದ ಜಾಗಕ್ಕೂ ಎಷ್ಟು ದೂರವೋ, ಅದರ ನೂರರಲ್ಲಿ ಒಂದು ಪಾಲಿನಷ್ಟು ಮಸುಕು. ಮೊಸಳೆ 10 ಮೀಟರ್ ಮೇಲಿದ್ದರೆ ನೆರಳಿನ ಅಂಚು ಸುಮಾರು 10 ಸೆಂಟಿಮೀಟರ್ ಮಸುಕು. 100 ಮೀಟರ್ ಮೇಲಿದ್ದರೆ ಒಂದು ಮೀಟರ್ ಮಸುಕು. ಮೊಸಳೆಯ ಮೈ ಅಗಲವೇ ಅಷ್ಟಿರುವುದಿಲ್ಲ, ಹಾಗಾಗಿ ಅಲ್ಲಿ ಗಟ್ಟಿ ನೆರಳೇ ಇರಕೂಡದು. ನೆರಳಿನ ಅಂಚು ನೋಡಿಯೇ ಕಣ್ಣು ಎತ್ತರ ಅಳೆಯುತ್ತದೆ. ಈ ಒಂದು ಸಂಗತಿ ಗೊತ್ತಿದ್ದರೆ ಯಾವ ವಸ್ತುವನ್ನು ಬೇಕಾದರೂ ಗಾಳಿಯಲ್ಲಿ ನಿಲ್ಲಿಸಬಹುದು.

ಲೆಕ್ಕ ಬೇಡ ಅನ್ನಿಸಿದರೆ ಮಾಡಿಯೇ ನೋಡಿ. ಆವೆಮಣ್ಣಿನಲ್ಲಿ 15 ಸೆಂಟಿಮೀಟರ್ ಉದ್ದದ ಮೊಸಳೆ ಮಾಡಿ. ಚಂದ ಆಗಬೇಕಿಲ್ಲ, ಮೈಯ ಉಬ್ಬುತಗ್ಗು ಸರಿ ಇದ್ದರೆ ಸಾಕು. ಅಂಗಳದಲ್ಲಿ ಹರಿವಾಣದಲ್ಲಿ ನೀರು ತುಂಬಿಡಿ. ಎರಡು ಕೋಲು ನೆಟ್ಟು, ದಾರ ಕಟ್ಟಿ, ಮೊಸಳೆಯನ್ನು ಅರ್ಧ ಮೀಟರ್ ಎತ್ತರದಲ್ಲಿ ತೂಗಿಹಾಕಿ. ಮೊಬೈಲನ್ನು ತಲೆಕೆಳಗು ಹಿಡಿದರೆ ಲೆನ್ಸ್ ನೀರಿನ ಮಟ್ಟಕ್ಕೆ ಇಳಿಯುತ್ತದೆ. ಹಾಗೇ ಫೋಟೋ ತೆಗೆಯಿರಿ. 3 ಮೀಟರ್ ಉದ್ದದ ಮೊಸಳೆ 10 ಮೀಟರ್ ಮೇಲೆ ತೇಲಿದರೆ ನೆರಳು ಹೇಗೋ, ನಿಮ್ಮ ಹರಿವಾಣದ ಆಚೆ ನೆಲಕ್ಕೆ ಬಿದ್ದ ನೆರಳೂ ಹಾಗೇ ಇರುತ್ತದೆ. ಯಾಕೆಂದರೆ ಮಸುಕು ದೂರಕ್ಕೆ ತಕ್ಕಂತೆ ಕಿರಿದಾಗುತ್ತದೆ. ಬಿಸಿಲಿಗೆ ಮಾತ್ರ ಈ ಗುಣ. ಬಲ್ಬಿನ ಕೆಳಗೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಅಲೆಗಳನ್ನು ಹರಿವಾಣದಿಂದ ತೆಗೆದುಕೊಳ್ಳಬೇಡಿ, ಅವು ಕಿರಿದಾಗುವ ಜಾತಿಯವಲ್ಲ. ಅಲೆ ಬೇಕಾದರೆ ಕೆರೆಯ ದಡದಲ್ಲಿ ಕೂತು ನೋಡಬೇಕು.

ಎರಡನೇ ಚಿತ್ರ ನನಗೆ ತುಂಬ ಇಷ್ಟವಾಯಿತು. ಅಡಿಕೆ ತೋಟದಲ್ಲಿ ಅಜ್ಜನ ಆರಾಮ ಕುರ್ಚಿ, ಕುರ್ಚಿಯ ಮೇಲೆ ಒಂದು ಬಿಳಿ ಬೈರಾಸು (ಹೆಗಲ ಮೇಲೆ ಹಾಕುವ ಟವೆಲು), ಸಾಲಿನ ನಡುವೆ ಕಡಲು ಒಳಗೆ ಬಂದಿದೆ. ಯಾರೂ ಇಲ್ಲ. ಸುಳ್ಳು ಒಂದೇ. ಇದನ್ನು ಹೇಗೆ ಮಾಡಿದಿರೋ ಹಾಗೇ ಮೊಸಳೆಯದ್ದನ್ನೂ ಮಾಡಬೇಕಿತ್ತು. ಮ್ಯಾಗ್ರಿಟ್‌ ಅವರ ಒಂದು ಪ್ರಸಿದ್ಧ ಸರಣಿ ಇದೆ. ಕೆಳಗೆ ರಾತ್ರಿಯ ಬೀದಿ, ದೀಪ ಉರಿಯುತ್ತಿದೆ, ಮೇಲೆ ಮಾತ್ರ ಮಧ್ಯಾಹ್ನದ ಆಕಾಶ. ಕೆಳಗಿನ ಅರ್ಧ ಪೂರ್ತಿ ನಿಜ, ಮೇಲಿನ ಅರ್ಧವೂ ಪೂರ್ತಿ ನಿಜ. ಎರಡನ್ನೂ ಕೂಡಿಸಿದ್ದು ಮಾತ್ರ ಸುಳ್ಳು. ಆ ಸರಣಿಯ ಒಂದು ಚಿತ್ರ 2024ರಲ್ಲಿ 12 ಕೋಟಿ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಆ ಮನುಷ್ಯ ಹೊಟ್ಟೆಪಾಡಿಗೆ ವಾಲ್‌ಪೇಪರ್ ಕಾರ್ಖಾನೆಯಲ್ಲಿ ಡಿಸೈನ್ ಮಾಡಿದವರು, ಜಾಹೀರಾತು ಬರೆದವರು. ಬ್ರಸೆಲ್ಸಿನ ಬಾಡಿಗೆ ಮನೆಯಲ್ಲಿ ಊಟದ ಕೋಣೆಯಲ್ಲೇ ಕ್ಯಾನ್ವಾಸ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಫ್ಲೆಕ್ಸ್ ಅಂಗಡಿಯ ಕೆಲಸದ ಬಗ್ಗೆ ನಿಮ್ಮ ಪತ್ರದಲ್ಲಿ ಸ್ವಲ್ಪ ಸಂಕೋಚ ಕಂಡಿತು, ಅದಕ್ಕೆ ಹೇಳಿದೆ.

ಇಷ್ಟು ಒಳ್ಳೆಯ ಯೋಚನೆಯ ಚಿತ್ರ ನಿಲ್ಲದೆ ಹೋದದ್ದು ಎರಡು ಕಾರಣಕ್ಕೆ. ಒಂದು, ಕಣ್ಣಿನ ಎತ್ತರ. ಕಡಲಿನ ಅಂಚಿನ ಗೆರೆ ಯಾವಾಗಲೂ ನೋಡುವವರ ಕಣ್ಣಿನ ಮಟ್ಟಕ್ಕೇ ಇರುತ್ತದೆ. ನಿಮ್ಮ ತೋಟವನ್ನು ಕೂತು ತೆಗೆದಿದ್ದೀರಿ. ಅಡಿಕೆ ಮರಗಳನ್ನು ಆ ಗೆರೆ ನೆಲದಿಂದ ಸುಮಾರು ಮೂರೂವರೆ ಅಡಿಗೆ ಕತ್ತರಿಸುತ್ತದೆ. ಹಾಗಾದರೆ ಕುರ್ಚಿಯ ಬೆನ್ನು ಹೆಚ್ಚುಕಡಿಮೆ ಆ ಗೆರೆಯ ಹತ್ತಿರ ಬರಬೇಕು, ಕೂರುವ ಜಾಗ ತೆಳ್ಳಗೆ ಕಾಣಬೇಕು. ನೀವೋ ಜಗಲಿಯಲ್ಲಿ ನಿಂತು ಕುರ್ಚಿಯ ಫೋಟೋ ತೆಗೆದಿದ್ದೀರಿ. ಕುರ್ಚಿಯೊಳಗೆ ಬಗ್ಗಿ ನೋಡಿದ ಹಾಗಿದೆ. ಸಪಾಟು ನೆಲದಲ್ಲಿ ಒಂದೇ ಎತ್ತರದ ವಸ್ತುಗಳು ಹತ್ತಿರ ಇರಲಿ, ದೂರ ಇರಲಿ, ಆ ಗೆರೆ ಅವನ್ನೆಲ್ಲ ಒಂದೇ ಜಾಗದಲ್ಲಿ ಕತ್ತರಿಸಬೇಕು. ಪೆನ್ಸಿಲಿನಲ್ಲಿ ಗೆರೆ ಎಳೆದು ಪರೀಕ್ಷೆ ಮಾಡಿ, ಎರಡು ನಿಮಿಷದ ಕೆಲಸ.

ಇನ್ನೊಂದು ಕಾರಣ ಆ ಬೈರಾಸು. ಅದು ಬಿಳಿಯಾಗಿದೆ. ತೋಟದಲ್ಲಿ ಬಿಳಿ ಬಟ್ಟೆ ಬಿಳಿಯಾಗಿರುವುದಿಲ್ಲ. ಮೇಲಿನಿಂದ ಸೋಗೆಯ ಹಸಿರು ಇಳಿಯುತ್ತದೆ, ಕೆಳಗಿನಿಂದ ಮಣ್ಣಿನ ಕೆಂಪು ಏರುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಅಂಗಳದಲ್ಲಿ ನಿಂತವರ ಗದ್ದದ ಅಡಿಯಲ್ಲಿ ಆ ಕೆಂಪು ಚೆನ್ನಾಗಿ ಕಾಣುತ್ತದೆ. ಮೊಬೈಲಿಗೆ ಇದು ಇಷ್ಟವಾಗುವುದಿಲ್ಲ. ವೈಟ್ ಬ್ಯಾಲೆನ್ಸ್ ಅಂತ ಬಟ್ಟೆಯನ್ನು ತೊಳೆದು ಕೊಡುತ್ತದೆ. ನೆರಳುಗಳನ್ನು ಒಂದೋ ಕಪ್ಪು ಮಾಡುತ್ತದೆ, ಇಲ್ಲವೇ ಸುಮ್ನೆ ಬೂದಿ ಬಣ್ಣಕ್ಕೆ ಎತ್ತುತ್ತದೆ. ಹತ್ತಿರದಿಂದ ತೆಗೆದರೆ ಮೂಗು ದಪ್ಪ. ಮೊಬೈಲಿನಲ್ಲಿ ನೋಡಿಕೊಂಡು ಬರೆಯುವವರೆಲ್ಲರ ಚಿತ್ರ ಒಂದೇ ತರಹ ಕಾಣುವುದು ಅದಕ್ಕೇ. ಫೋಟೋದಿಂದ ಆಕಾರ ತೆಗೆದುಕೊಳ್ಳಿ, ತೊಂದರೆಯಿಲ್ಲ. ಬಣ್ಣವನ್ನು ಮಾತ್ರ ತೋಟದಲ್ಲಿ ಕೂತು ಬರೆದುಕೊಳ್ಳಿ. ಅಂಗೈಯಗಲದ ತುಂಡು ಕ್ಯಾನ್ವಾಸ್ ಸಾಕು. ಬೈರಾಸಿನ ಬಿಸಿಲು ಭಾಗ ಯಾವ ಬಣ್ಣ, ನೆರಳು ಭಾಗ ಯಾವ ಬಣ್ಣ, ಮಡಿಕೆಯ ಒಳಗೆ ಯಾವ ಬಣ್ಣ, ಮೂರು ಪಟ್ಟಿ ಬಳಿದುಕೊಂಡು ಬನ್ನಿ.

ತೋಟದಲ್ಲಿ ಕೂತಾಗ ನೆಲದ ಮೇಲಿನ ಬಿಸಿಲ ಚುಕ್ಕಿಗಳನ್ನೂ ನೋಡಿ. ನೀವು ಅವನ್ನು ಎಲೆಯ ಆಕಾರದಲ್ಲಿ ಚೂಪುಚೂಪಾಗಿ ಬರೆದಿದ್ದೀರಿ. ನಿಜದಲ್ಲಿ ಅವು ಉರುಟು. ಸೋಗೆಯ ನಡುವಿನ ಸಂದು ಯಾವ ಆಕಾರದಲ್ಲಿದ್ದರೂ, ಸಂದು ಚಿಕ್ಕದಾಗಿದ್ದರೆ ಕೆಳಗೆ ಬೀಳುವುದು ಸೂರ್ಯನ ಬಿಂಬ. 15 ಮೀಟರ್ ಎತ್ತರದ ಮರವಾದರೆ ನೆತ್ತಿಯ ಬಿಸಿಲಿಗೆ ಒಂದೊಂದು ಬಿಂಬ ಸುಮಾರು 14 ಸೆಂಟಿಮೀಟರ್ ಅಗಲ. ಮತ್ತೆ ಅದೇ ನೂರರಲ್ಲಿ ಒಂದು ಪಾಲಿನ ಲೆಕ್ಕ. ಬಿಸಿಲು ಓರೆಯಾದರೆ ಮೊಟ್ಟೆಯಾಕಾರ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನಿಮಗೆ ನೆನಪಿರಬಹುದು. ಅದು ಚೆನ್ನಾಗಿ ಕಾಣುವ ಜಾಗ ಅಂತ ನಮ್ಮ ಜಿಲ್ಲೆಯ ಚೆರ್ವತ್ತೂರಿನ ಹೆಸರು ಎಲ್ಲ ಕಡೆ ಬಂದಿತ್ತು. ಅಂಥ ಗ್ರಹಣದ ಹೊತ್ತಿಗೆ ಮರದಡಿಯ ಒಂದೊಂದು ಬಿಸಿಲ ಚುಕ್ಕಿಯೂ ಬಳೆಯಾಗುತ್ತದೆ. ನೆಲದ ತುಂಬ ಬೆಳಕಿನ ಬಳೆಗಳು! ಇದನ್ನು ಯಾರಾದರೂ ಸುಮ್ಮನೆ ಬರೆದಿದ್ದರೆ ಕಲ್ಪನೆ ಅನ್ನುತ್ತಿದ್ದೆವು.

ಇಂಥದ್ದು ನಮ್ಮ ಕಡೆ ಬೇಕಾದಷ್ಟಿದೆ. ಬಾಯಾರು ಕಡೆಯ ಗುಡ್ಡಗಳಲ್ಲಿ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ ಮುರಕಲ್ಲು ಕೊರೆದು ನೀರು ತರುವ ಸುರಂಗಗಳಿವೆ. ಒಳಗೆ ನಿಂತು ಹಿಂದೆ ತಿರುಗಿದರೆ ಹೊರಗಿನ ಹಗಲು ಒಂದು ಬಿಲ್ಲೆಯಷ್ಟು ಕಾಣುತ್ತದೆ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ಮದ್ದು ಬಿಡುವವರನ್ನು ನೋಡಿ. ಮೈಲುತುತ್ತು, ಸುಣ್ಣ ಮೈಗೆಲ್ಲ ಹಾರಿ, ಕೈ, ಅಂಗಿ, ಮರದ ಕಾಂಡ ಎಲ್ಲ ತಿಳಿನೀಲಿ. ನೀಲಿ ಮನುಷ್ಯರು ನಿಮ್ಮ ಮನೆಯ ಹಿತ್ತಲಲ್ಲೇ ಓಡಾಡುತ್ತಿದ್ದಾರೆ. ಎರಡು ಚಂದ್ರ ಯಾಕೆ ಬೇಕು?

ಮೂರನೆಯದರ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿದೆ. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತ ಮಗುವಿನ ಪತ್ರಿಕೆಯ ಫೋಟೋ ನೋಡಿ, ಮುಖ ಮುರಕಲ್ಲಿನ ಹಾಗೆ ಒಡೆದು ಬೀಳುವಂತೆ ಬರೆದಿದ್ದೀರಿ. ಉದ್ದೇಶ ಒಳ್ಳೆಯದೇ. ಆದರೆ ಈ ಚಿತ್ರವನ್ನು ಹೊರಗೆ ಇಡಬೇಡಿ. ಆ ಫೋಟೋ ತೆಗೆದವರಿಗೆ ಅದರ ಮೇಲೆ ಹಕ್ಕಿದೆ, ಅದನ್ನು ನೋಡಿ ಬರೆದರೂ ಕೇಳಿಯೇ ಬರೆಯಬೇಕು. ಅದಕ್ಕಿಂತ ದೊಡ್ಡದು, ಆ ಮಗುವಿಗೆ ಒಂದು ಮನೆ ಇದೆ. ಅವರ ಸಂಕಟವನ್ನು ಇನ್ನಷ್ಟು ವಿಚಿತ್ರ ಮಾಡಿ ತೋರಿಸುವ ಅಧಿಕಾರ ನಮಗೆ ಯಾರು ಕೊಟ್ಟರು?

ವಿಷಯ ಬಿಡಿ ಅನ್ನುತ್ತಿಲ್ಲ. ಬರೆಯಲೇಬೇಕಾದ ವಿಷಯ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಮದ್ದು ಸುರಿದರು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿದ್ದು 2011ರಲ್ಲಿ. ಇದಕ್ಕೆ ಒಂದೇ ಸುಳ್ಳು ಯಾವುದು? ನನಗೆ ಹೊಳೆದದ್ದು ಹೇಳುತ್ತೇನೆ, ನೀವು ಬೇರೆ ಹುಡುಕಬಹುದು. ಒಂದು ಮನೆಯಂಗಳ. ಹಗ್ಗದಲ್ಲಿ ಒಗೆದು ಹಾಕಿದ ಬಟ್ಟೆ, ಮುಚ್ಚಳವಿಲ್ಲದ ಬಾವಿ. ಆಕಾಶ ಖಾಲಿ. ಅಂಗಳದ ಮೇಲೆ, ಬಟ್ಟೆಗಳ ಮೇಲೆ, ಬಾವಿಕಟ್ಟೆಯ ಮೇಲೆ ಹೆಲಿಕಾಪ್ಟರಿನ ನೆರಳು. ಹೆಲಿಕಾಪ್ಟರ್ ಮಾತ್ರ ಇಲ್ಲ. ಈಗ ನೆರಳಿನ ಲೆಕ್ಕ ಮತ್ತೆ ಕೆಲಸಕ್ಕೆ ಬರುತ್ತದೆ. 300 ಮೀಟರ್ ಎತ್ತರದ ಹೆಲಿಕಾಪ್ಟರಾದರೆ ಅಂಚು 3 ಮೀಟರ್ ಮಸುಕು, ಬರೀ ಒಂದು ಕಲೆ. 15 ಮೀಟರ್ ಮೇಲಿದ್ದರೆ ಅಂಚು ಒಂದು ಗೇಣಿಗೂ ಕಡಿಮೆ. ಬಾಲ, ಕಾಲು ಎಲ್ಲ ಸ್ಪಷ್ಟ, ತಿರುಗುವ ರೆಕ್ಕೆ ಮಾತ್ರ ಒಂದು ತೆಳು ವೃತ್ತ. ಅಂಚನ್ನು ಹರಿತ ಮಾಡಿದಷ್ಟೂ ಅದು ತಲೆಯ ಮೇಲೇ ಇದೆ ಅನ್ನಿಸುತ್ತದೆ. ನೆರಳು ನೆಲದಿಂದ ಬಾವಿಕಟ್ಟೆ ಹತ್ತುವಾಗ ಮುರಿಯಬೇಕು, ಬಟ್ಟೆಯ ಮಡಿಕೆಯಲ್ಲಿ ಬಳುಕಬೇಕು. ಅಷ್ಟು ಸರಿ ಬಂದರೆ ಯಾರೂ ಫೋಟೋಶಾಪ್ ಅನ್ನುವುದಿಲ್ಲ.

ಈ ದಾರಿಯಲ್ಲಿ ನಡೆದ ಒಬ್ಬರ ಹೆಸರು ಹೇಳುತ್ತೇನೆ, ಕೋಲ್ಕತ್ತದ ಬಿಕಾಶ್ ಭಟ್ಟಾಚಾರ್ಜಿ. 1970ರ ದಶಕದ ಆರಂಭದಲ್ಲಿ, ಆ ನಗರದಲ್ಲಿ ಹಿಂಸೆ ತುಂಬಿದ್ದ ಕಾಲದಲ್ಲಿ, ಗೊಂಬೆಯ ಸರಣಿ ಬರೆದರು. ಫೋಟೋದಷ್ಟು ನಿಖರವಾದ ಕೈ. ಹೆಣ, ರಕ್ತದ ಬದಲು ಒಂದು ಗೊಂಬೆ. ಭಾರತದಲ್ಲಿ ನಿಮ್ಮ ಬಗೆಯ ಚಿತ್ರಕಾರರನ್ನು ಹುಡುಕುವಾಗ ಅವರಿಂದಲೇ ಶುರು ಮಾಡಿ.

ಎದುರೇ ನಿಂತು ನೋಡುವುದಕ್ಕೂ ಸ್ವಲ್ಪ ತಿರುಗಬೇಕು. ಮೊಬೈಲಿನಲ್ಲಿ ನೋಡಿದರೆ ಬಣ್ಣದ ಪದರ ತಿಳಿಯುವುದಿಲ್ಲ. ರೈಲಿನಲ್ಲಿ ಮಂಗಳೂರಿಗೆ ಹೋಗಿ, ಲೈಟ್‌ಹೌಸ್ ಹಿಲ್ಲಿನ ಸಂತ ಅಲೋಶಿಯಸ್ ಚಾಪೆಲ್ ನೋಡಿ. ಇಟಲಿಯ ಆಂಟೊನಿಯೋ ಮೊಸ್ಕೇನಿ ಅದರ ಗೋಡೆ, ಛಾವಣಿಯನ್ನೆಲ್ಲ ತುಂಬಿಸಿದ್ದು 1900ರ ಆಸುಪಾಸಿನಲ್ಲಿ. ಸಪಾಟು ಗೋಡೆಯ ಮೇಲೆ ಬಣ್ಣದಲ್ಲೇ ಬರೆದ ಅಲಂಕಾರಗಳು ಉಬ್ಬಿ ನಿಂತ ಹಾಗೆ ಕಾಣುತ್ತವೆ. ದೇವರ ಕತೆಗಳನ್ನು ಆಮೇಲೆ ನೋಡಿದರಾಯಿತು. ಮೊದಲು ಆ ಉಬ್ಬುಗಳಿಗೆ ನೆರಳು ಯಾವ ಬದಿಗೆ ಹಾಕಿದ್ದಾರೆ, ನಿಜವಾದ ಕಿಟಕಿ ಯಾವ ಬದಿಗಿದೆ, ಅದನ್ನು ನೋಡಿಕೊಳ್ಳಿ. ಸ್ಕೆಚ್ ಪುಸ್ತಕ ಒಯ್ಯಿರಿ. ಕಾಞಂಗಾಡಿನಲ್ಲಿ ಕೇರಳ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಇದೆ, ನಿಮಗೆ ಹತ್ತಿರವೇ. ಭಾಷೆಯ ಅಂಜಿಕೆ ಬೇಡ, ಚಿತ್ರಕ್ಕೆ ಮಲಯಾಳವೂ ಬೇಡ, ಕನ್ನಡವೂ ಬೇಡ. ಗಡಿಯಲ್ಲಿರುವ ನಮಗೆ ಎರಡೂ ಕಡೆ ಬಾಗಿಲು ಉಂಟು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೂ ಹೋಗಬಹುದು, ಕೊಚ್ಚಿ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನಕ್ಕೂ ಹೋಗಬಹುದು.

ಎಐ ಬಗ್ಗೆ ನನಗೆ ಜಾಸ್ತಿ ತಲೆಬಿಸಿ ಇಲ್ಲ. ನಿಮಗೆ ಇರಬೇಕಾದ್ದು ಅಂಗಡಿಯ ಕೆಲಸದ ಬಗ್ಗೆ. ಹುಟ್ಟುಹಬ್ಬದ ಫ್ಲೆಕ್ಸಿಗೆ ಹಿನ್ನೆಲೆ ಮಾಡುವ ಕೆಲಸ ಅದು ಕಸಿದುಕೊಳ್ಳಬಹುದು, ಸುಳ್ಳು ಸಮಾಧಾನ ಹೇಳಲಾರೆ. ಚಿತ್ರದ ಮಾತು ಬೇರೆ. ‘ಸರ್ರಿಯಲ್ ಮೊಸಳೆ’ ಅಂತ ಕೇಳಿದರೆ ಅದು ಕೊಡುವುದು ನಿಮ್ಮ ಮೊದಲ ಚಿತ್ರವನ್ನೇ: ಚಂದ್ರ, ಮೆಟ್ಟಿಲು, ಉರಿಯುವ ಪುಸ್ತಕ. ಎಲ್ಲರ ಕನಸಿನ ಸರಾಸರಿ. ಬೋರ್ಡೋ ಹತ್ತಿದ ಅಂಗಿಯ ನೀಲಿ ಬೆವರಿಗೆ ಕದಡಿ ಕಂಕುಳಲ್ಲಿ ಹೇಗೆ ಹಸಿರಾಗುತ್ತದೆ ಅನ್ನುವುದು ನೋಡಿದವರಿಗೇ ಗೊತ್ತು. ಯಾವುದು ಎಲ್ಲಿರಬೇಕು ಅಂತ ಹೊಂದಿಸಿ ನೋಡಲು ಕಂಪ್ಯೂಟರ್ ಬಳಸಿ, ಅದರಲ್ಲಿ ತಪ್ಪೇನಿಲ್ಲ. ಹೊಂದಿಸಿದ ಮೇಲೆ ಒಂದೊಂದು ವಸ್ತುವನ್ನೂ ಒಂದೇ ಬಿಸಿಲಿನಲ್ಲಿ ಮತ್ತೆ ನೋಡಿ ಬರೆಯಿರಿ.

ಇನ್ನು ಮಳೆಗಾಲ. ಎಣ್ಣೆ ಬಣ್ಣ ನೀರಿನ ಬಣ್ಣದ ಹಾಗೆ ಆವಿಯಾಗಿ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅದಕ್ಕೆ ಬೆಳಕು, ಗಾಳಿ, ಬೆಚ್ಚನೆಯ ಜಾಗ ಬೇಕು. ಕಪಾಟಿನೊಳಗೆ ಮುಚ್ಚಿಟ್ಟರೆ ಒಣಗುವುದೂ ಇಲ್ಲ, ಹಳದಿಗೂ ತಿರುಗುತ್ತದೆ. ಮಳೆಗಾಲದಲ್ಲಿ ತಳದ ಪದರವನ್ನು ಅಕ್ರಿಲಿಕ್‌ನಲ್ಲಿ ಮುಗಿಸಿ, ಮೇಲಿನದ್ದನ್ನು ಮಾತ್ರ ಎಣ್ಣೆ ಬಣ್ಣದಲ್ಲಿ ಮಾಡಿ. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ನಿಲ್ಲುತ್ತದೆ. ಎಣ್ಣೆಯ ಮೇಲೆ ಅಕ್ರಿಲಿಕ್ ಹಾಕಿದರೆ ಎದ್ದು ಬರುತ್ತದೆ. ಎಣ್ಣೆಯಲ್ಲೇ ಶುರು ಮಾಡುವುದಾದರೆ ಬರ್ಂಟ್ ಅಂಬರ್ ಎಂಬ ಕಂದು ಬಣ್ಣವನ್ನು ತೆಳ್ಳಗೆ ಬಳಸಿ, ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಜಾಸ್ತಿ. ಇದು ತಿರುಗಿದರೆ ಕೆಲವೇ ವರ್ಷಗಳಲ್ಲಿ ಬಿರುಕು ಬರುತ್ತದೆ.

ಅಗಸೆ ಎಣ್ಣೆ ಮುಗಿಯಿತು ಅಂತ ತೆಂಗಿನೆಣ್ಣೆ ಮಾತ್ರ ಬೆರೆಸಬೇಡಿ. ನೀವು ಮಾಡಿದ್ದೀರಿ ಅನ್ನುತ್ತಿಲ್ಲ, ಮನೆಯಲ್ಲಿ ಡಬ್ಬಿಗಟ್ಟಲೆ ಇರುವಾಗ ಆಸೆ ಆಗುವುದು ಸಹಜ. ಅದು ಒಣಗುವ ಎಣ್ಣೆಯೇ ಅಲ್ಲ, ಎಷ್ಟು ಕಾಲ ಬಿಟ್ಟರೂ ಜಿಡ್ಡು ಜಿಡ್ಡೇ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಬಿಸಿ ಹುಟ್ಟಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಆಮೇಲೆ ಬಿಸಾಡಿ. ಟರ್ಪೆಂಟೈನ್ ಇರುವ ಕೋಣೆಯ ಕಿಟಕಿ ಮಳೆಗಾಲದಲ್ಲೂ ತೆರೆದಿರಲಿ.

ಬೂಸ್ಟು ಬರುವುದು ಹೆಚ್ಚಾಗಿ ಹಿಂಬದಿಯಿಂದ. ಕ್ಯಾನ್ವಾಸನ್ನು ಹೊರಗೋಡೆಗೆ ಒರಗಿಸಿ ಇಟ್ಟಿರುತ್ತೀರಿ, ಮುರಕಲ್ಲಿನ ಗೋಡೆ ನೀರು ಕುಡಿದಿರುತ್ತದೆ. ಒಳಗೋಡೆಗೆ ತಗುಲಿಸಿ, ಹಿಂದೆ ಎರಡು ಬೆರಳಷ್ಟು ಗಾಳಿ ಆಡಲು ಬಿಡಿ. ಚೌಕಟ್ಟಿನ ಕೆಳಮೂಲೆಗಳಿಗೆ ಕಾರ್ಕ್ ಬಿಲ್ಲೆ ಅಂಟಿಸಿದರೆ ಸಾಕು. ಬೆಚ್ಚಗಿರುತ್ತದೆ ಅಂತ ಅಡುಗೆಮನೆಯ ಅಟ್ಟಕ್ಕೆ ಏರಿಸಬೇಡಿ, ಹೊಗೆ ಮಸಿ ಕೂರುತ್ತದೆ. ವಾರ್ನಿಶ್‌ಗೆ ಆತುರ ಬೇಡ. ತೆಳು ಪದರವಾದರೂ ಆರು ತಿಂಗಳು ಕಳೆಯಲಿ.

ಮಾರುವ ಬಗ್ಗೆ ನೀವು ಕೇಳಿಲ್ಲ, ಆದರೂ ಕೊನೆಗೆ ಒಂದು ಮಾತು. ಮುಖದ ಚಿತ್ರಕ್ಕೆ ಬರುವ ಆರ್ಡರ್ ನಿಲ್ಲಿಸಬೇಡಿ, ಅದೇ ನಿಮ್ಮ ಬಣ್ಣದ ಖರ್ಚು ಹೊರುತ್ತದೆ. ಕುರ್ಚಿಯ ಚಿತ್ರವನ್ನು ಅದೇ ಯೋಚನೆಯಲ್ಲಿ, ಸಣ್ಣ ಕ್ಯಾನ್ವಾಸಿನಲ್ಲಿ ಇನ್ನೊಮ್ಮೆ ಮಾಡಿ ಪ್ರದರ್ಶನಗಳಿಗೆ ಅರ್ಜಿ ಹಾಕಿ. ಅರ್ಜಿಗೆ ಫೋಟೋ ತೆಗೆಯುವಾಗ ಫ್ಲಾಶ್ ಹಾಕಬೇಡಿ, ಜಗಲಿಯ ನೆರಳಿನಲ್ಲಿ ನೇರ ನಿಂತು ತೆಗೆಯಿರಿ. ಕಳಿಸುವಾಗ ಬಬಲ್ ರ‍್ಯಾಪನ್ನು ಬಣ್ಣಕ್ಕೆ ನೇರ ತಗುಲಿಸಬೇಡಿ. ಪೂರ್ತಿ ಗಟ್ಟಿಯಾಗದ ಎಣ್ಣೆ ಬಣ್ಣದ ಮೇಲೆ ಆ ಗುಳ್ಳೆಗಳ ಅಚ್ಚು ಉಳಿದುಬಿಡುತ್ತದೆ. ಮೊದಲು ಬಟರ್ ಪೇಪರ್ ಹೊದಿಸಿ, ಅದರ ಮೇಲೆ ಸುತ್ತಿ.